ಬ್ರೋಕರನ್ನು ತಪ್ಪಿಸಿದರೆ ಮೋಸ ತಪ್ಪೀತೆ?

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಫ್ಲ್ಯಾಟ್ ಮಾರಾಟದ ಸುದ್ದಿ ಬಂದರೆ ಕೊನೆಗೊಂದು ಸಾಲು ಇದ್ದೇ ಇರುತ್ತದೆ: ಬ್ರೋಕರುಗಳು ಫೋನ್ ಮಾಡಬಾರದು. ಪೀಣ್ಯದ ಹಿಂದಿನ ಹೆಗ್ಗನಹಳ್ಳಿ, ಲಗ್ಗೆರೆಯ ಓಣಿಗಳಲ್ಲಿ ಗೇಟಿಗೆ ಕಟ್ಟಿದ ಬೋರ್ಡಿನಲ್ಲೂ ಅದೇ ಮಾತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಸಂಬಳ ಕಂಡ ಹುಡುಗ ಮನೆ ಕೊಳ್ಳುವ ವಿಚಾರ ಎತ್ತಿದರೆ ಜೊತೆಯವರು ಹೇಳುವ ಮೊದಲ ಬುದ್ಧಿಮಾತು, 'ಡೈರೆಕ್ಟ್ ಓನರ್ ಹತ್ರ ಹೋಗು, ಮಧ್ಯ ಬ್ರೋಕರ್ ಬಂದ್ರೆ ಕೆಟ್ಟೆ' ಎಂಬುದು. ದಲ್ಲಾಳಿ ಏನನ್ನೂ ಕೊಡುವುದಿಲ್ಲ, ಎರಡು ಪರ್ಸೆಂಟ್ ಕಿತ್ತುಕೊಳ್ಳುತ್ತಾನೆ, ರೇಟು ಏರಿಸುತ್ತಾನೆ, ಕಾಗದ ಮುಚ್ಚಿಡುತ್ತಾನೆ. ಅವನನ್ನು ದೂರ ಇಟ್ಟರೆ ದುಡ್ಡೂ ಉಳಿಯಿತು, ಮೋಸವೂ ತಪ್ಪಿತು ಎಂಬುದು ಈ ಮೂರೂ ಕಡೆಯ ಒಮ್ಮತ.

ಈ ಒಮ್ಮತ ತಪ್ಪು. ಅದರಿಂದ ನಷ್ಟವೂ ಆಗುತ್ತಿದೆ. ಬೆಂಗಳೂರಿನ ಹೊರವಲಯದಲ್ಲಿ ಮನೆ ಕೊಂಡು ಕೈಸುಟ್ಟುಕೊಂಡವರು ಕಳೆದುಕೊಂಡದ್ದು ಕಮಿಷನ್ನಿನ ಹಣವನ್ನಲ್ಲ, ಕಾಗದದ ಮೇಲೆ ತಮ್ಮದಾಗದ ಮನೆಯನ್ನು. ಆ ಕಾಗದದ ತೊಡಕು ಓನರ್ ನೇರ ಸಿಕ್ಕ ಮಾತ್ರಕ್ಕೆ ಬಿಡಿಸಿಕೊಳ್ಳುವುದಿಲ್ಲ. ಇನ್ನೂ ಒಂದು ಮಾತು ಹೇಳಬೇಕು. ದಲ್ಲಾಳಿಯ ಮೇಲೆ ನಾವು ತೋರುವ ತಿರಸ್ಕಾರದಿಂದ ಅತಿ ಹೆಚ್ಚು ಲಾಭ ಆಗುತ್ತಿರುವುದು ಕೆಟ್ಟ ದಲ್ಲಾಳಿಗೇ.

ಮೊದಲು ಲೆಕ್ಕ ನೋಡೋಣ. ನಮ್ಮ ಊರಿನ ರೂಢಿಯಲ್ಲಿ ಮನೆ ಮಾರಾಟಕ್ಕೆ ಒಂದೊಂದು ಕಡೆಯಿಂದ ಒಂದು ಅಥವಾ ಎರಡು ಪರ್ಸೆಂಟ್. ಎಂಬತ್ತು ಲಕ್ಷದ ಫ್ಲ್ಯಾಟಿಗೆ ಎರಡು ಪರ್ಸೆಂಟ್ ಎಂದರೆ 1.60 ಲಕ್ಷ ರೂಪಾಯಿ. ಸಣ್ಣ ಮೊತ್ತ ಎನ್ನುವುದಿಲ್ಲ. ಫ್ಯಾಕ್ಟರಿ ಕೆಲಸಗಾರನಿಗೆ ಅದು ತಿಂಗಳುಗಟ್ಟಲೆ ಸಂಬಳ. ಆದರೆ ಅದೇ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿದರೆ 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಒಂದರಿಂದ ಎರಡು ಪರ್ಸೆಂಟಿಗೆ ಏರಿಸಿತು. ಒಟ್ಟು 7.6 ಪರ್ಸೆಂಟ್, ಅಂದರೆ 6.08 ಲಕ್ಷ ರೂಪಾಯಿ. ಇಷ್ಟು ಕೊಟ್ಟು ಮಾಡಿಸಿದ ನೋಂದಣಿ ಏನು ಹೇಳುತ್ತದೆ? ಇಂಥವರು ಇಂಥವರಿಗೆ ಈ ದಿನ ಈ ಪತ್ರ ಬರೆದುಕೊಟ್ಟರು ಎಂಬುದನ್ನು ಮಾತ್ರ. 1908ರ ನೋಂದಣಿ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರ್ ದಾಖಲು ಮಾಡುವುದು ಪತ್ರವನ್ನು. ಮಾರುವವನಿಗೆ ಮಾರುವ ಹಕ್ಕು ನಿಜವಾಗಿ ಇತ್ತೇ ಎಂಬುದಕ್ಕೆ ಸರ್ಕಾರದ ಖಾತರಿ ಅದರಲ್ಲಿ ಇಲ್ಲ. ಹಕ್ಕಿನ ಪರೀಕ್ಷೆ ಪೂರ್ತಿ ಕೊಳ್ಳುವವನ ತಲೆಯ ಮೇಲೆ. ಆರು ಲಕ್ಷಕ್ಕೆ ಸಿಗದ ಆ ಖಾತರಿ, 1.60 ಲಕ್ಷ ಉಳಿಸಿದ್ದರಿಂದ ಸಿಕ್ಕಿತೆಂದು ನಂಬುವುದು ಹೇಗೆ?

'ಇ.ಸಿ. ನೋಡಿದೀವಿ, ಕ್ಲಿಯರ್ ಇದೆ' ಎಂಬ ಉತ್ತರ ಬರುತ್ತದೆ. ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವಹಿವಾಟುಗಳು. ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೆ ಹೋಗಬಹುದು. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದು ನೋಂದಣಿ ಮಾಡಿಸದ ಅಗ್ರಿಮೆಂಟ್ ಕಾಣುವುದಿಲ್ಲ. ಪಾಲು ಕೇಳದೆ ಸುಮ್ಮನಿರುವ ಅಕ್ಕತಂಗಿಯರು ಕಾಣುವುದಿಲ್ಲ.

ಈ ಅಕ್ಕತಂಗಿಯರ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವರ್ತೂರು, ಗುಂಜೂರು, ಕನ್ನಮಂಗಲ, ಚಂದಾಪುರ, ಹೆಬ್ಬಗೋಡಿಯ ನೆಲದ ಕಥೆ ಇದರಲ್ಲೇ ಇದೆ. ಈ ಬಡಾವಣೆಗಳೆಲ್ಲ ಒಂದು ತಲೆಮಾರಿನ ಹಿಂದೆ ರಾಗಿ ಹೊಲ, ತೋಟ, ಕೆರೆಯ ಅಚ್ಚುಕಟ್ಟು. ಅವು ಪಿತ್ರಾರ್ಜಿತ ಜಮೀನು. ಕರ್ನಾಟಕ 1994ರಲ್ಲೇ ಉತ್ತರಾಧಿಕಾರದ ಕಾನೂನಿಗೆ ತಿದ್ದುಪಡಿ ತಂದು ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ, ಆ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಅದು ನ್ಯಾಯವಾದ ತೀರ್ಪು. ಹೆಣ್ಣುಮಕ್ಕಳನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ್ದು ಅನ್ಯಾಯವಾಗಿತ್ತು. ಆದರೆ ಆ ಅನ್ಯಾಯದ ಮೇಲೆ ಕಟ್ಟಿದ ಮನೆಯನ್ನು ಇವತ್ತು ಮೂರನೆಯ ಕೈಯಿಂದ ಕೊಳ್ಳುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ, ಮೂಲ ರೈತನಿಗೆ ಎಷ್ಟು ಹೆಣ್ಣುಮಕ್ಕಳು, ಯಾರು ಯಾವ ಊರಿಗೆ ಹೋದರು, ಯಾರು ಸಹಿ ಹಾಕಿಲ್ಲ ಎಂಬುದು ಎಲ್ಲಿ ಗೊತ್ತಾಗಬೇಕು? ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ಮನೆಯವರು ಹೇಳಿದ ಹೆಸರುಗಳಿರುತ್ತವೆ. ಹೇಳದೆ ಬಿಟ್ಟ ಹೆಸರು ಊರಿನವರಿಗೆ ಗೊತ್ತು. ಆ ಊರಿನಲ್ಲೇ ಹುಟ್ಟಿ, ಆ ಮನೆಯ ಮದುವೆಗಳಲ್ಲಿ ಉಂಡು, ಈಗ ಮುಖ್ಯರಸ್ತೆಯಲ್ಲಿ ಹತ್ತಡಿ ಅಂಗಡಿ ಇಟ್ಟುಕೊಂಡು ಸೈಟು ತೋರಿಸುವ ದಲ್ಲಾಳಿಗೆ ಗೊತ್ತು.

ದಲ್ಲಾಳಿ ಏನನ್ನೂ ಕೊಡುವುದಿಲ್ಲ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಜಗಳ ಇದೆ, ಯಾವ ಲೇಔಟಿನ ಪಾರ್ಕು ನಕ್ಷೆಯಲ್ಲಿದ್ದು ನೆಲದ ಮೇಲೆ ಸೈಟಾಗಿದೆ, ಯಾವ ತಿರುವಿನಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ ಎಂಬ ತಿಳಿವಳಿಕೆ ಅವನ ಬಂಡವಾಳ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಆ ನೆಲ ತಗ್ಗಿನದೆಂದು ಸುತ್ತಲಿನ ಹಳ್ಳಿಯ ಹಿರಿಯರಿಗೆ ಮೊದಲೇ ಗೊತ್ತಿತ್ತು. ಪ್ರಶ್ನೆ ಇರುವುದು ಒಂದೇ: ಆ ತಿಳಿವಳಿಕೆಯನ್ನು ನಮ್ಮ ಪರವಾಗಿ ಬಳಸುವ ಹೊಣೆಯನ್ನು ದಲ್ಲಾಳಿಯ ಮೇಲೆ ನಾವು ಹೊರಿಸಿದ್ದೇವೆಯೇ?

ಪೀಣ್ಯದ ಕಡೆಗೆ ಬಂದರೆ ಕಥೆ ಇನ್ನೂ ಹಳೆಯದು. ಎಪ್ಪತ್ತರ ದಶಕದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು, ಲೇತು ಮಷೀನು ತಿರುಗಿಸಲು ತುಮಕೂರು, ಮಂಡ್ಯ, ಹಾಸನದಿಂದ ಜನ ಬಂದರು. ಅವರಿಗೆಲ್ಲ ಬಿ.ಡಿ.ಎ. ಸೈಟು ಸಿಗುವುದು ಸಾಧ್ಯವಿರಲಿಲ್ಲ. ಅರ್ಜಿ ಹಾಕಿ ಕಾದು ಕೂತರೆ ವಯಸ್ಸೇ ಕಳೆಯುತ್ತಿತ್ತು. ರೈತರು ಹೊಲವನ್ನು ಇಪ್ಪತ್ತು ಮೂವತ್ತು ಅಡಿಗಳಾಗಿ ಕತ್ತರಿಸಿ ಕೊಟ್ಟರು. ಭೂಪರಿವರ್ತನೆ ಇಲ್ಲ, ಅನುಮೋದಿತ ನಕ್ಷೆ ಇಲ್ಲ. ಎಷ್ಟೋ ಕಡೆ ಕ್ರಯಪತ್ರವೂ ಇಲ್ಲ, ಜಿ.ಪಿ.ಎ. ಎಂಬ ಅಧಿಕಾರಪತ್ರ ಮತ್ತು ಒಂದು ಅಫಿಡವಿಟ್ಟು, ಅಷ್ಟೇ. ಹೀಗೆ ಜಿ.ಪಿ.ಎ. ಮೇಲೆ ಮಾರಿದರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಖಂಡಿತವಾಗಿ ಹೇಳಿತು. ಅಷ್ಟರಲ್ಲಿ ಆ ಸೈಟುಗಳ ಮೇಲೆ ಎರಡು ಅಂತಸ್ತು ಎದ್ದು, ಮಕ್ಕಳು ಬೆಳೆದು, ಕೆಳಗೆ ಬಾಡಿಗೆಯವರು ಬಂದಾಗಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಹತ್ತು ಹಳ್ಳಿಗಳನ್ನು ಸೇರಿಸಿ ಬಿ.ಬಿ.ಎಂ.ಪಿ. ಮಾಡಿದಾಗ ಈ ಮನೆಗಳು ಬಿ ಖಾತೆಯ ರಿಜಿಸ್ಟರಿಗೆ ಸೇರಿದವು. ತೆರಿಗೆ ಕಟ್ಟಬಹುದು; ಆದರೆ ದೊಡ್ಡ ಬ್ಯಾಂಕು ಸಾಲ ಕೊಡುವುದು ಕಷ್ಟ, ಕಟ್ಟಡದ ಪರವಾನಗಿ ಕಷ್ಟ. ಇಂಥ ಮನೆಗಳನ್ನು ಕ್ರಮಬದ್ಧ ಮಾಡುವ ಅಕ್ರಮ ಸಕ್ರಮ ಬರುತ್ತದೆ ಎಂದು ಜನ ಕಾದರು. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಬಿ ಯಿಂದ ಎ ಖಾತೆ ಮಾಡುವ ಹೊಸ ಯೋಜನೆ ಬಂತು.

ಈ ಸುಮಾರು ಐವತ್ತು ವರ್ಷದ ಇತಿಹಾಸದಲ್ಲಿ ದಲ್ಲಾಳಿ ಎಲ್ಲಿದ್ದ? ಇದ್ದ, ಸೈಟು ತೋರಿಸುತ್ತಿದ್ದ. ಆದರೆ ಕಾರ್ಮಿಕರಿಗೆ ಕೈಗೆಟಕುವ ಸೈಟು ಕೊಡದಿದ್ದವನು ಅವನಲ್ಲ. ಕೃಷಿ ಜಮೀನು ತುಂಡಾಗಿ ಮಾರಾಟವಾಗುವುದನ್ನು ಕಂಡೂ ಸುಮ್ಮನಿದ್ದ ಪಂಚಾಯಿತಿ ಅವನದಲ್ಲ. ತೆರಿಗೆ ವಸೂಲಿ ಮಾಡಿ, ಕರೆಂಟು ಕೊಟ್ಟು, ನೀರಿನ ಪೈಪು ಎಳೆದು, ಆಮೇಲೆ ನಿನ್ನ ಮನೆ ಅಕ್ರಮ ಎಂದವನೂ ಅವನಲ್ಲ. ದೋಷವನ್ನೆಲ್ಲ ಮೋಟಾರ್‌ಸೈಕಲ್ ಮೇಲೆ ಬಂದು ಸೈಟು ತೋರಿಸಿದವನ ತಲೆಗೆ ಕಟ್ಟಿದರೆ ಉಳಿದವರೆಲ್ಲ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಜೆ.ಸಿ.ಬಿ. ನುಗ್ಗಿದಾಗ ಮನೆ ಕಳೆದುಕೊಂಡವರ ಕೈಯಲ್ಲಿ ಏನಿತ್ತು? ನೋಂದಾಯಿತ ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಕಾಗದ. ಬ್ರೋಕರ್ ಮೂಲಕ ಕೊಂಡವರ ಮನೆಗೂ ನೇರ ಕೊಂಡವರ ಮನೆಗೂ ಆ ಯಂತ್ರ ಭೇದ ಮಾಡಲಿಲ್ಲ. ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಮಾರಾಟ ಊರ್ಜಿತವಲ್ಲ. ಜಮೀನು ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟ ಮಾಡಿತು. ಅದು ಮಂಜೂರಾತಿದಾರರಿಗೆ ಸಿಗಲೇಬೇಕಾದ ರಕ್ಷಣೆ. ಅಂಥ ನೆಲದ ಮೇಲಿನ ವಿಲ್ಲಾವನ್ನು 'ಡೈರೆಕ್ಟ್ ಫ್ರಂ ಓನರ್' ಕೊಂಡವನಿಗೆ ಆ ಓನರ್‌ ಹಸನ್ಮುಖಿ, ಒಂದೇ ಕಂಪನಿಯವನು, ಒಂದೇ ಊರಿನವನು ಎಂಬ ಸಂಗತಿಗಳಿಂದ ಏನು ಪ್ರಯೋಜನ?

ಬ್ಯಾಂಕು ಸಾಲ ಮಂಜೂರು ಮಾಡಿದೆ ಎಂದರೆ ಕಾಗದ ಸರಿ ಎಂಬ ಇನ್ನೊಂದು ನಂಬಿಕೆ ಇದೆ. ಬ್ಯಾಂಕಿನ ವಕೀಲರು ಅಭಿಪ್ರಾಯ ಬರೆಯುವುದು ಬ್ಯಾಂಕಿಗೆ, ಅದರ ಸಾಲಕ್ಕೆ ಭದ್ರತೆ ಇದೆಯೇ ಎಂದು ಹೇಳಲು. ಮನೆ ಹೋದರೂ ಬ್ಯಾಂಕಿಗೆ ಸಾಲಗಾರನ ಸಂಬಳ, ಜಾಮೀನು ಉಳಿದಿರುತ್ತವೆ, ಸಾಲಗಾರನಿಗೆ ಇ.ಎಂ.ಐ. ಉಳಿದಿರುತ್ತದೆ. ಆದ್ದರಿಂದ ಸ್ವಂತ ವಕೀಲರ ಫೀಸು ಉಳಿಸಲು ಹೋಗಬೇಡಿ. ಕಮಿಷನ್ ಉಳಿಸಿದ ಸಂತೋಷದಲ್ಲಿ ವಕೀಲರ ಫೀಸನ್ನೂ ಉಳಿಸಿದ ಕುಟುಂಬಗಳು ಈ ಭಾಗದಲ್ಲಿ ಬಹಳ.

ಈಗ ಎದುರಾಳಿಯ ಬಲವಾದ ಮಾತಿಗೆ ಬರುತ್ತೇನೆ. ದಲ್ಲಾಳಿಗಳು ಮೋಸ ಮಾಡುವುದಿಲ್ಲವೇ? ಮಾಡುತ್ತಾರೆ. ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಂಡು ಇಬ್ಬರಿಗೂ 'ನಾನು ನಿಮ್ಮ ಕಡೆಯವನು' ಎನ್ನುತ್ತಾರೆ. ಓನರ್ ಎಪ್ಪತ್ತು ಹೇಳಿದರೆ ಪಾರ್ಟಿಗೆ ಎಪ್ಪತ್ತೈದು ಹೇಳಿ ಮೇಲಿನ ಐದನ್ನು ಇಟ್ಟುಕೊಳ್ಳುತ್ತಾರೆ. ಇಲ್ಲದ ಇನ್ನೊಂದು ಪಾರ್ಟಿಯನ್ನು ಸೃಷ್ಟಿಸಿ, 'ಸಂಜೆ ಟೋಕನ್ ಕೊಡ್ತಾ ಇದಾರೆ' ಎಂದು ಅವಸರ ಹುಟ್ಟಿಸುತ್ತಾರೆ. ಮೆಟ್ರೋ ಬರುತ್ತದೆ ಎಂದು ವರ್ಷಗಟ್ಟಲೆ ಮೊದಲೇ ಮೆಟ್ರೋದ ಬೆಲೆ ಹೇಳುತ್ತಾರೆ. ವೈಟ್‌ಫೀಲ್ಡಿಗೆ ಅದು ಬಂದದ್ದು 2023ರ ಮಾರ್ಚ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅದನ್ನು ನಂಬಿ ಹತ್ತು ವರ್ಷ ಮೊದಲೇ ಬೆಲೆ ಕೊಟ್ಟವರಿದ್ದಾರೆ. ಇದೆಲ್ಲವೂ ನಿಜ. ಯಾವುದನ್ನೂ ನಾನು ಮನ್ನಿಸುವುದಿಲ್ಲ.

ಆದರೆ ಇವುಗಳಲ್ಲಿ ಹೆಚ್ಚಿನವು ಈಗಾಗಲೇ ಕಾನೂನಿನ ಕಣ್ಣಿನಲ್ಲಿ ತಪ್ಪು, ಅದೂ ಒಂದೂವರೆ ಶತಮಾನದಿಂದ. 1872ರ ಕರಾರು ಕಾಯ್ದೆಯಲ್ಲಿ ಏಜೆಂಟನ ಕರ್ತವ್ಯಗಳಿಗೆಂದೇ ಒಂದು ಅಧ್ಯಾಯ ಇದೆ. ತನ್ನ ಅಜಾಗ್ರತೆಯಿಂದ ಅಥವಾ ದುರ್ನಡತೆಯಿಂದ ನೇರವಾಗಿ ಆದ ನಷ್ಟವನ್ನು ಏಜೆಂಟ್ ತುಂಬಿಕೊಡಬೇಕು ಎನ್ನುತ್ತದೆ 212ನೆಯ ಕಲಂ. ಯಾರ ಪರವಾಗಿ ಕೆಲಸ ಮಾಡುತ್ತಾನೋ ಅವರಿಗೆ ತಿಳಿಸದೆ ತನ್ನದೇ ವ್ಯಾಪಾರ ಮಾಡಿಕೊಂಡರೆ ಆ ಲಾಭವನ್ನು ಅವರು ಕೇಳಿ ಪಡೆಯಬಹುದು ಎನ್ನುತ್ತದೆ 216. ಒಪ್ಪಿಸಿದ ಕೆಲಸದಲ್ಲಿ ದುರ್ನಡತೆ ತೋರಿದವನಿಗೆ ಆ ಭಾಗದ ಪ್ರತಿಫಲವೇ ಇಲ್ಲ ಎನ್ನುತ್ತದೆ 220. ಮೇಲಿನ ಐದು ಲಕ್ಷ ಇಟ್ಟುಕೊಂಡವನಿಂದ ಆ ಐದನ್ನೂ ವಸೂಲು ಮಾಡಿ ಕಮಿಷನ್ನನ್ನೂ ತಡೆಹಿಡಿಯಲು ಈ ಮೂರು ಕಲಂ ಸಾಕು.

ಸಾಲದಿರುವುದು ಸಾಕ್ಷ್ಯ. ಅವನು ನಮ್ಮ ಏಜೆಂಟ್ ಎಂದು ತೋರಿಸುವ ಒಂದು ಸಾಲು ನಮ್ಮ ಬಳಿ ಇಲ್ಲ. ನಾವು ಅವನ ಜೊತೆ ಏನನ್ನೂ ಬರೆಯುವುದಿಲ್ಲ, ಏಕೆಂದರೆ ಅವನು ಬರೆದುಕೊಳ್ಳುವಷ್ಟು ಯೋಗ್ಯನೆಂದು ನಮಗೆ ಅನ್ನಿಸುವುದೇ ಇಲ್ಲ. ಸೋಫಾ ಕೊಂಡರೆ ಬಿಲ್ಲು ಕೇಳುವವರು, ಡ್ರೈವರಿಗೂ ಯು.ಪಿ.ಐ.ನಲ್ಲೇ ಕೊಡುವವರು, ದಲ್ಲಾಳಿಗೆ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕಾರಿನಲ್ಲಿ ಕೂತು ನೋಟಿನ ಕಟ್ಟು ಕೊಡುತ್ತೇವೆ. ರಸೀದಿ ಕೇಳುವುದಿಲ್ಲ. ಆಮೇಲೆ ಚೌಕಾಸಿ ಮಾಡಿ ಎರಡನ್ನು ಒಂದಕ್ಕೆ ಇಳಿಸುತ್ತೇವೆ, ಕೆಲವರು ಮನೆ ನೋಡಿದ ಮೇಲೆ ಓನರನ್ನು ಹಿಂಬಾಗಿಲಿನಿಂದ ಹಿಡಿದು ಅವನನ್ನು ಪೂರ್ತಿ ಕೈಬಿಡುತ್ತಾರೆ. ಕೂಲಿ ಖಾತ್ರಿ ಇಲ್ಲದವನು ಮೇಲಿಟ್ಟು ಮಾರುತ್ತಾನೆ, ಎರಡೂ ಕಡೆ ಕೈ ಚಾಚುತ್ತಾನೆ. ನಾಳೆ ಕಾಗದದಲ್ಲಿ ತೊಡಕು ಕಂಡಾಗ ಹೋಗಿ ಕೇಳಿದರೆ, 'ಸಾರ್, ನಾನು ಮನೆ ತೋರ್ಸಿದ್ದು ಅಷ್ಟೇ, ಪೇಪರ್ ನೀವೇ ನೋಡ್ಕೊಂಡಿದ್ದಲ್ವಾ' ಎನ್ನುತ್ತಾನೆ. ಅವನ ಮಾತು ಸರಿ. ನಾವು ಅವನಿಗೆ ಬೇರೆ ಯಾವ ಹೊಣೆಯನ್ನೂ ಕೊಟ್ಟಿರಲಿಲ್ಲ.

ಇನ್ನು 'ಬ್ರೋಕರ್ ಬೇಡ' ಎಂಬ ಬೋರ್ಡಿನಿಂದ ಆಗುವುದೇನು ನೋಡಿ. ಬ್ರೋಕರ್ ಬರುವುದು ನಿಲ್ಲುವುದಿಲ್ಲ, ಪಾರ್ಟಿಯ ವೇಷದಲ್ಲಿ ಬರುತ್ತಾನೆ. 'ನಾನೇ ತಗೋತೀನಿ' ಎಂದು ಓನರ್ ಜೊತೆ ಅಗ್ರಿಮೆಂಟ್ ಮಾಡಿಕೊಂಡು, ಎರಡು ಲಕ್ಷ ಅಡ್ವಾನ್ಸ್ ಕೊಟ್ಟು, ಆರು ತಿಂಗಳ ಗಡುವು ಪಡೆದು, ಅಷ್ಟರಲ್ಲಿ ಹೆಚ್ಚಿನ ಬೆಲೆಗೆ ನಿಜವಾದ ಪಾರ್ಟಿಯನ್ನು ಹುಡುಕುತ್ತಾನೆ. ಸಿಕ್ಕರೆ ಕ್ರಯಪತ್ರ ಆ ಪಾರ್ಟಿಯ ಹೆಸರಿಗೆ. ಸಿಗದಿದ್ದರೆ ಒಂದಿಲ್ಲೊಂದು ತಗಾದೆ ತೆಗೆದು ಅಗ್ರಿಮೆಂಟ್ ಹಿಡಿದು ಕೂರುತ್ತಾನೆ, ಓನರ್ ಬೇರೆಯವರಿಗೆ ಮಾರಲಾರ. ಪೀಣ್ಯದ ಯಾವುದೋ ಫ್ಯಾಕ್ಟರಿಯಲ್ಲಿ ನಿವೃತ್ತಿಯಾಗಿ, ಇದ್ದೊಂದು ಮನೆ ಮಾರಿ ಊರಿಗೆ ಹೋಗಿ ನೆಲೆಸಬೇಕು, ಮಗಳ ಮದುವೆ ಮಾಡಬೇಕು ಎಂದಿದ್ದ ಹಿರಿಯರು ಹೀಗೆ ಸಿಕ್ಕಿಕೊಂಡರೆ ಅವರ ಗತಿ ಏನು? ಏಜೆಂಟನಾಗಿ ಬಂದಿದ್ದರೆ ಅವನಿಗೆ ನಿಷ್ಠೆಯ ಕರ್ತವ್ಯ ಇರುತ್ತಿತ್ತು. ಕೊಳ್ಳುವವನಾಗಿ ಬಂದವನಿಗೆ ಮಾರುವವನ ಹಿತ ಕಾಯುವ ಯಾವ ಕರ್ತವ್ಯವೂ ಇಲ್ಲ. ಗೇಟಿನ ಬೋರ್ಡು ಆ ಹಿರಿಯರಿಗಿದ್ದ ಒಂದೇ ಕಾನೂನಿನ ಆಸರೆಯನ್ನು ತೆಗೆದುಹಾಕಿತು.

ದಲ್ಲಾಳಿ ಬೇಡ ಎನ್ನುವ ಆ್ಯಪ್‌ಗಳ ಮಾತೂ ಹೆಚ್ಚು ಬೇರೆಯಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸಿ ಹಣ ಪಡೆಯುವವರು ಯಾವ ಮಾಧ್ಯಮದ ಮೂಲಕ ಮಾಡಿದರೂ ಅವರು ಏಜೆಂಟರೇ ಎಂದು ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಶುಲ್ಕದ ಹೆಸರು ಬದಲಾದೀತು; ಗುಂಜೂರಿನ ಯಾವುದೋ ರೈತನ, ಸಹಿ ಹಾಕದ ಮಗಳ ವಿಷಯ ಆ ಪರದೆಯ ಮೇಲೆ ಬರುವುದಿಲ್ಲ.

ಇನ್ನು ಕಪ್ಪು ಬಿಳುಪಿನ ವಿಚಾರ. ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡಿಸೋಣ, ಉಳಿದದ್ದು ಕ್ಯಾಷ್ ಎಂದು ಹೇಳುವವನು ದಲ್ಲಾಳಿ, ನಿಜ. ಒಪ್ಪುವವರು ಯಾರು? ಶುಲ್ಕ ಉಳಿಯುತ್ತದೆಂದು ಕೊಳ್ಳುವವನು, ತೆರಿಗೆ ಉಳಿಯುತ್ತದೆಂದು ಮಾರುವವನು. 2023ರ ಅಕ್ಟೋಬರಿನಲ್ಲಿ ಈ ಗೈಡೆನ್ಸ್ ವ್ಯಾಲ್ಯೂ ಏರಿದಾಗ ಅದಕ್ಕೂ ನಿಜವಾದ ಬೆಲೆಗೂ ಇದ್ದ ಅಂತರ ಒಂದಿಷ್ಟು ಇಳಿಯಿತು, ಅಳಿಯಲಿಲ್ಲ. ಸ್ಥಿರಾಸ್ತಿಯ ಅಡ್ವಾನ್ಸನ್ನು ಇಪ್ಪತ್ತು ಸಾವಿರ ಅಥವಾ ಹೆಚ್ಚು ನಗದಿನಲ್ಲಿ ಪಡೆಯಬಾರದೆಂದು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆದರೂ ನೇರ ಮಾರಾಟಗಳಲ್ಲಿ, ಒಬ್ಬ ಮಧ್ಯವರ್ತಿಯೂ ಇಲ್ಲದೆ, ಈ ನಗದು ಕೈ ಬದಲಾಯಿಸುತ್ತದೆ. ಮುಂದೆ ಆ ಮಾರಾಟ ರದ್ದಾದರೆ ಕೊಳ್ಳುವವನು ನ್ಯಾಯಾಲಯದಲ್ಲಿ ವಾಪಸು ಕೇಳಬಹುದಾದದ್ದು ಪತ್ರದಲ್ಲಿ ಬರೆದ ಮೊತ್ತ. ಕ್ಯಾಷ್‌ನಲ್ಲಿ ಕೊಟ್ಟ ಮೂವತ್ತು ಲಕ್ಷವನ್ನು ಅವನು ಬಾಯಿ ಬಿಟ್ಟು ಹೇಳಲೂ ಆರ. ಈ ನಷ್ಟವನ್ನು ಎರಡು ಕುಟುಂಬಗಳು ತಾವೇ ಕೂತು ಮಾಡಿಕೊಳ್ಳುತ್ತವೆ.

ಸರ್ಕಾರದ ಲೋಪವನ್ನು ನೇರವಾಗಿ ಹೇಳಬೇಕು. ರೇರಾ ಬಂದಾಗ ದಲ್ಲಾಳಿಗಳಿಗೆಲ್ಲ ಲಗಾಮು ಬಿತ್ತು ಎಂದು ಎಲ್ಲರೂ ತಿಳಿದರು. ಅದರ 9ನೆಯ ಕಲಂ ಏಜೆಂಟರು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ, 10ನೆಯದು ಸುಳ್ಳು ಹೇಳಬಾರದು, ಲೆಕ್ಕಪುಸ್ತಕ ಇಡಬೇಕು, ದಾಖಲೆ ಒದಗಿಸಬೇಕು ಎನ್ನುತ್ತದೆ, ತಪ್ಪಿದರೆ 62ನೆಯದು ದಿನಕ್ಕೆ ಹತ್ತು ಸಾವಿರ ರೂಪಾಯಿ ದಂಡ ಹಾಕುತ್ತದೆ. ಆದರೆ ಇದೆಲ್ಲ ಬಿಲ್ಡರ್ ಮಾರುವ, ರೇರಾದಲ್ಲಿ ನೋಂದಣಿಯಾದ ಯೋಜನೆಗಳ ಮನೆಗಳಿಗೆ ಸಂಬಂಧಿಸಿದ್ದು. ಒಂದು ಕುಟುಂಬದವರು ತಮ್ಮ ಹಳೆಯ ಫ್ಲ್ಯಾಟನ್ನು ಇನ್ನೊಂದು ಕುಟುಂಬಕ್ಕೆ ಮಾರಿದರೆ ಅಲ್ಲಿ ಏಜೆಂಟನಿಗೆ ನೋಂದಣಿ ಬೇಕಿಲ್ಲ. ಲಗ್ಗೆರೆಯ ಇಪ್ಪತ್ತು ಮೂವತ್ತರ ಮನೆಗೆ ಬೇಕಿಲ್ಲ. ಆನೇಕಲ್ ತಾಲ್ಲೂಕಿನ ಹಳ್ಳಿಯಲ್ಲಿ ಪಂಚಾಯಿತಿಯ 11ಬಿ ನಮೂನೆಯ ಖಾತೆ ಇರುವ ಮನೆಗೆ ಬೇಕಿಲ್ಲ. ವಕೀಲರ ಪಡೆ ಇರುವ ಬಿಲ್ಡರಿನಿಂದ ಕೊಳ್ಳುವಾಗ ಇರುವ ಈ ರಕ್ಷಣೆ, ಯಾರೂ ಇಲ್ಲದವರು ಪರಸ್ಪರ ಮಾರಿಕೊಳ್ಳುವಾಗ ಇಲ್ಲ.

ಇದನ್ನು ಸರಿಪಡಿಸಲು ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಏಜೆನ್ಸಿಯೂ ಸೇರಿ ಕರಾರುಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಪಂಜಾಬ್ 1995ರಲ್ಲೇ ತನ್ನ ಕಾಯ್ದೆಯಲ್ಲಿ ಆಸ್ತಿ ಏಜೆಂಟರ ನೋಂದಣಿಯನ್ನು ಸೇರಿಸಿತು, ಹರಿಯಾಣ 2008ರಲ್ಲಿ ಆಸ್ತಿ ದಲ್ಲಾಳಿಗಳಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಮಹಾರಾಷ್ಟ್ರದ ರೇರಾ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ 1979ರಿಂದ ಏಜೆಂಟರ ಕಾಯ್ದೆ ಇದೆ. ಮನೆ ಮಾರುವ ಏಜೆಂಟರು ದೂರು ಪರಿಹಾರದ ವ್ಯವಸ್ಥೆಯೊಂದಕ್ಕೆ ಸೇರಿರಲೇಬೇಕು. ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಯ ರಾಜಿಯ ನಂತರ, 2024ರ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟರು ಮನೆ ತೋರಿಸುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ಆ ದೇಶಗಳ ಜನರಿಗೂ ಏಜೆಂಟರ ಮೇಲೆ ಪ್ರೀತಿಯೇನೂ ಇಲ್ಲ. ಪ್ರೀತಿ ಇಲ್ಲದ್ದರಿಂದಲೇ ಅವರು ಕಾಗದದ ಮೇಲೆ ಕಟ್ಟಿಹಾಕಿದರು. ನಾವು ಬೈದು ಬಿಟ್ಟುಬಿಟ್ಟೆವು.

ಕಾನೂನು ಬರುವವರೆಗೆ ಒಂದು ಪುಟದ ಕರಾರು ಸಾಕು. ನೀನು ಯಾರ ಪರ, ಇನ್ನೊಂದು ಕಡೆಯಿಂದ ಹಣ ಪಡೆಯುತ್ತೀಯಾ ಇಲ್ಲವಾ, ಓನರ್ ಹೇಳಿದ ಬೆಲೆ ಎಷ್ಟು, ನಿನ್ನ ಪ್ರತಿಫಲ ಎಷ್ಟು ಮತ್ತು ಯಾವಾಗ, ಈ ಆಸ್ತಿಯ ಬಗ್ಗೆ ನಿನಗೆ ಗೊತ್ತಿರುವ ದಾವೆ, ಪಾಲಿನ ಜಗಳ, ಸರ್ಕಾರದ ನೋಟೀಸು ಯಾವುವು ಎಂದು ಬರೆಸಿ, ಸಹಿ ಹಾಕಿಸಿ, ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ಒಪ್ಪಿದ ಕೆಲಸ ಮಾಡಿದವನಿಗೆ ಚೌಕಾಸಿ ಇಲ್ಲದೆ ಪೂರ್ತಿ ಕೊಡಿ. ಇದಕ್ಕೆ ಒಪ್ಪುವ ದಲ್ಲಾಳಿಗಳು ಇಲ್ಲವೆನ್ನುವವರು ಕೇಳಿ ನೋಡಿದವರಲ್ಲ. ಅಪ್ಪನ ಎರಡು ಎಕರೆ ಲೇಔಟಾಗಿ ಹೋದ ಮೇಲೆ ಬೇರೆ ಕಸುಬಿಲ್ಲದೆ ಇದಕ್ಕೆ ಇಳಿದ ಹಳ್ಳಿಯ ಹುಡುಗರು ಈ ಪ್ರದೇಶದಲ್ಲಿ ಎಷ್ಟೋ ಮಂದಿ. ತಮ್ಮ ಕೆಲಸಕ್ಕೊಂದು ಮರ್ಯಾದೆ, ಕೂಲಿಗೊಂದು ಖಾತ್ರಿ ಸಿಗುವುದಾದರೆ ಸಹಿ ಹಾಕಲು ಅವರಿಗೆ ಅಡ್ಡಿಯಿಲ್ಲ.

ಉಳಿದದ್ದು ಶಾಸನಸಭೆಯ ಕೆಲಸ. ಮರುಮಾರಾಟದ ಮನೆಗಳ ಏಜೆಂಟರಿಗೂ ನೋಂದಣಿ, ಲಿಖಿತ ಒಪ್ಪಂದ, ಎರಡು ಕಡೆಯ ಕಮಿಷನ್ನನ್ನು ಇಬ್ಬರಿಗೂ ತಿಳಿಸುವ ಕಡ್ಡಾಯ, ಕ್ರಯಪತ್ರದಲ್ಲೇ ಏಜೆಂಟನ ಹೆಸರು ಮತ್ತು ಪಡೆದ ಮೊತ್ತದ ನಮೂದು. ಈ ನಾಲ್ಕು ಅಂಶದ ಮಸೂದೆ ಏಕೆ ಬಂದಿಲ್ಲ ಎಂದು ಮಹದೇವಪುರ, ದಾಸರಹಳ್ಳಿ, ಆನೇಕಲ್ ಕ್ಷೇತ್ರಗಳ ಶಾಸಕರನ್ನು ಅಲ್ಲಿಯ ಮತದಾರರು ಮುಂದಿನ ಅಧಿವೇಶನದ ಮೊದಲೇ ಕೇಳಬೇಕು.